ರುದ್ರವ್ವ ಕೊಯ್ದ ಜೊಂಡು

ಜೊಂಡು ಕಂಡರೆ ರುದ್ರವ್ವನ ಕೈ ಸುಮ್ಮನಿರುತ್ತಿರಲಿಲ್ಲ. ಅಫಜಲಪುರ ಕಡೆಯ ಕಾಲುವೆಗಳಲ್ಲಿ ಅದನ್ನು ಕಿತ್ತು ಒಗೆದೇ ಕೂಲಿ ಪಡೆದು ಬೆಳೆದವಳು. ಅಂಥವಳಿಗೆ ಮುಂಬೈ ಹತ್ತಿರದ ಕಲ್ಯಾಣದ ಹೊರಗೆ ಸಿಕ್ಕ ಕೆಲಸವೇನು? ಜೊಂಡು ಕಾಯುವುದು! ಇದಕ್ಕಿಂತ ತಮಾಷೆ ಬೇಕೆ?

ಅಲ್ಲಿ ಮೆಂತ್ಯ, ಪಾಲಕ ಬೆಳೆಯುವ ಹೊಲಗಳಿಂದ ಗೊಬ್ಬರದ ನೀರು ಹರಿದು ನಾಲಾ ಸೇರುತ್ತಿತ್ತು. ಒಂದು ಸಂಸ್ಥೆಯವರು ನಡುವೆ ಉದ್ದನೆಯ ಹೊಂಡ ತೋಡಿ, ತಳಕ್ಕೆ ಖಡಿಯ ಜಲ್ಲಿಕಲ್ಲು ಹಾಸಿ, ಜೊಂಡು ನಾಟಿದ್ದರು. ಗೊಬ್ಬರದ ವಿಷ ಬೇರಿನಲ್ಲೇ ನಿಲ್ಲುತ್ತದೆ, ಕೊಯ್ದರೆ ಬೇರೂ ಸಾಯುತ್ತದೆ, ಕಸ ತೆಗಿ, ಜೊಂಡು ಮಾತ್ರ ಮುಟ್ಟಬೇಡ ಎಂದು ಮೇಲ್ವಿಚಾರಕ ಹೃಷೀಕೇಶ ನೂರು ಸಲ ಹೇಳಿದ್ದ. ಮೂರು ವರ್ಷ ಮುಟ್ಟಲಿಲ್ಲ, ಪಾಪ.

ಈ ಸಲ ಮಳೆಗಾಲ ಮುಗಿಯುತ್ತಲೇ ಹೃಷೀಕೇಶ ಪುಣೆಗೆ ಹೋದ. ಹೊಂಡ ನೋಡಲು ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ಆಳೆತ್ತರದ ಜೊಂಡು ಅವಳ ಕಣ್ಣಿಗೆ ಹಾಳುಬಿದ್ದ ಕಾಲುವೆಯ ಹಾಗೆ ಕಂಡಿತು. ಬೀಗರು ಬರುವಾಗ ಅಂಗಳ ಗುಡಿಸದೆ ಇರುತ್ತಾರೆಯೇ? ಕುಡುಗೋಲು ತಂದು, ನಾಲ್ಕೇ ದಿನದಲ್ಲಿ, ನೀರಿನೊಳಗಿನ ಬುಡದ ತನಕ ಕೊಯ್ದು ಹಾಕಿದಳು. ಖಡಿಯಲ್ಲಿ ಸೋಸಿ ಬಂದ ನೀರು ಕನ್ನಡಿಯಂತೆ ಹೊಳೆಯಿತು. ಜೊಂಡು ಯಾಕೆಂದು ಅರಿಯದ ಸಾಹೇಬರು ಫೋಟೊ ತೆಗೆಸಿಕೊಂಡು, ಅವಳನ್ನು ಹೊಗಳಿ ಹೋದರು. ಆ ವಾರವೇ ಹೊಲದವರು ಹೊಸ ಬಿತ್ತನೆಗೆ ಯೂರಿಯಾ ಚೀಲಗಟ್ಟಲೆ ಸುರಿದರು. ನೀರಿನ ಬಣ್ಣ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ.

ಮನೆಯಲ್ಲಿ ಎರಡು ತಿಂಗಳ ಮೊಮ್ಮಗಳು. ಸೊಸೆ ಪೂನಂಗೆ ಎದೆಹಾಲು ಸಾಲದೆ ಡಬ್ಬಿಯ ಪುಡಿ ಕಲಸಿ ಕುಡಿಸುತ್ತಿದ್ದರು. ಅವರಿದ್ದ ಚಾಳಿನ ನಳದ ನೀರು ಹಳದಿ, ನಾತ ಬೇರೆ. ಕೂಸಿಗೆ ಇದನ್ನು ಕುಡಿಸುವುದೇ ಎಂದುಕೊಂಡಳು ರುದ್ರವ್ವ. ದಿನಾ ತನ್ನ ಹೊಂಡದ ನೀರು ಹೊತ್ತು ತಂದಳು. ಹಸಿನೀರಲ್ಲ, ಚೆನ್ನಾಗಿ ಕುದಿಸಿಯೇ ಕೊಟ್ಟಳು.

ಹನ್ನೆರಡನೇ ದಿನ ಮಧ್ಯಾಹ್ನ ಕೂಸಿನ ತುಟಿ ನೇರಳೆಗೆ ತಿರುಗಿತು, ಉಗುರೂ ನೀಲಿ. ಅಳುವ ಶಕ್ತಿಯೂ ಇರಲಿಲ್ಲ. ಅತ್ತೆ ಸೊಸೆ ರಿಕ್ಷಾ ಹಿಡಿದು ದವಾಖಾನೆಗೆ ಓಡಿದರು. ತೆಗೆದ ರಕ್ತ ಕುದ್ದು ಕಪ್ಪಾದ ಚಹದ ಬಣ್ಣಕ್ಕಿತ್ತು. ಡಾಕ್ಟರು ಯಾವ ನೀರು ಎಂದು ಕೇಳಿದರು.

“ಹೊಲದ ಕಡೀ ಹೊಂಡದ್ದು, ಕುದಿಸೀನ್ರೀ ಸಾಹೇಬ್ರ, ಹತ್ತು ಮಿನಿಟು ಕುದಿಸೀನಿ,” ಎಂದಳು ರುದ್ರವ್ವ.

ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಪೂನಂ ಬಿಡಿಸಿ ಹೇಳಿದಳು. ಗೊಬ್ಬರದ ಉಪ್ಪು ಕುದಿಸಿದರೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಎಳೆಕೂಸಿನ ರಕ್ತಕ್ಕೆ ಉಸಿರೇ ಹತ್ತದಂತೆ ಮಾಡುತ್ತದೆ. ಇನ್ನೊಂದು ತಾಸು ತಡವಾಗಿದ್ದರೆ ಮುಗಿದೇ ಹೋಗುತ್ತಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ತುಟಿಗೆ ಮೆಲ್ಲಗೆ ಕೆಂಪು ಬಂತು.

ಆಗ ಡಾಕ್ಟರು ಇನ್ನೊಂದು ಮಾತು ಕೇಳಿದರು. ಈ ನೀರು ಬೇರೆ ಯಾರ ಮನೆಗಾದರೂ ಹೋಗುತ್ತದೆಯೇ?

ಹೋಗುತ್ತಿತ್ತು. ಪಕ್ಕದ ಮನೆಯ ಚಂದವ್ವನ ಮಗಳೂ ಬಾಣಂತಿ, ಅವಳ ಕೂಸಿಗೂ ಬಾಟ್ಲಿಯೇ. ಅಷ್ಟು ಒಳ್ಳೆಯ ನೀರು ತಾನೊಬ್ಬಳೇ ಇಟ್ಟುಕೊಳ್ಳುವುದೇ ಎಂದು ರುದ್ರವ್ವನೇ ಅಲ್ಲಿಗೂ ಒಂದು ಕೊಡ ಇಳಿಸುತ್ತಿದ್ದಳು, ಇವತ್ತು ಬೆಳಿಗ್ಗೆಯೂ. ಚಂದವ್ವನಿಗೆ ಫೋನು ಹಚ್ಚಿ, ಕೂಸು ಹೇಗಿದೆ ಎಂದು ಕೇಳಿದಳು.

“ಈಗ ಬಾಟ್ಲಿ ಕುಡಿಸಿ ಮಲಗಿಸೀನಿ ಯಕ್ಕಾ,” ಎಂದಳು ಚಂದವ್ವ. “ಮುಂಜಾನಿಂದ ಒಂದ್ ಸಲಾನೂ ಅತ್ತಿಲ್ಲ ನೋಡು.”