ಬಾವನಿಗೆ ಕೇಳಿಸಿದ ಎರಡನೆಯ ಗುಂಡು

ಆ ದಿನ ನನಗೆ ಕೇಳಿಸಿದ್ದು ಒಂದೇ ಗುಂಡು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಹಾಗೆಯೇ ಕೇಳಿಸಿತ್ತೋ, ಉಳಿದವರೆಲ್ಲ ಒಂದೇ ಎಂದದ್ದರಿಂದ ನನ್ನ ನೆನಪೂ ಹಾಗೆ ಕೂತುಬಿಟ್ಟಿತೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಕಳೆದ ಆಯುಧಪೂಜೆಯ ಮುನ್ನಾದಿನ ಆಲೆಟ್ಟಿಯ ನಮ್ಮ ಮನೆಯ ಜಗಲಿಯಲ್ಲಿ ತಮ್ಮನ ಮಗ ಹಳೆಯ ಕೋವಿಯನ್ನು ಬಿಚ್ಚಿಟ್ಟುಕೊಂಡು ಒರೆಸುತ್ತಿದ್ದ. ತೆಂಗಿನೆಣ್ಣೆಯ ಜೊತೆಗೆ ನಳಿಗೆಯೊಳಗಿಂದ ಸುಟ್ಟ ಮದ್ದಿನ ವಾಸನೆ ಬಂತು. ಬಾವನ ಮುಖ ನೆನಪಾಯಿತು... ಎದ್ದು ಅಂಗಳಕ್ಕೆ ಹೋದೆ.

ಬಾವ ಎಂದರೆ ಸಂಬಂಧಿಕರೇನಲ್ಲ. ತೋಟದಾಚೆಯ ಮನೆಯವರು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು, ಊರಿನ ಲೆಕ್ಕದಲ್ಲಿ ಬಾವ. ಬೆಳಿಗ್ಗೆ ಸುಳ್ಯದ ಹೋಟೆಲಿಗೆ ಹಾಲು ಒಯ್ಯುವಾಗ ತುಳುಕಬಾರದೆಂದು ನಡೆದು ಹೋಗುತ್ತಿದ್ದರು. ಬರುವಾಗ ಖಾಲಿ ಪಾತ್ರೆ ಹಿಡಿದುಕೊಂಡು ಓಡಿಯೇ ಬರುತ್ತಿದ್ದರು. "ಎಂತ ಮಾರಾಯ, ಹಿಂದೆ ನಾಯಿ ಉಂಟಾ?" ಎಂದು ಯಾರಾದರೂ ಕೇಳಿದರೆ, "ಇತ್ತು. ಅದು ಸೋತು ವಾಪಸ್ ಹೋಯ್ತು" ಎನ್ನುತ್ತಿದ್ದರು.

ಅವರಿಗೆ ಪೊಲೀಸ್ ಕೆಲಸಕ್ಕೆ ಸೇರುವ ಆಸೆ. ಮಂಗಳೂರಿನ ಕ್ರೀಡಾಕೂಟದಲ್ಲಿ ಓಡಿ ಹೆಸರು ಮಾಡಿದವರನ್ನು ಬೇಗ ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಅದು ನಿಜವಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ನಂಬಿದ್ದರು. ವಯಸ್ಸಿನ ಮಿತಿ ದಾಟಲು ಅವರಿಗೆ ಉಳಿದದ್ದು ಅದೊಂದೇ ವರ್ಷ. ಇಸವಿ ಅರವತ್ತೆರಡೋ ಅರವತ್ತಮೂರೋ ಇರಬೇಕು. ನಮ್ಮ ಊರಿನ ಯುವಕ ಸಂಘ ಓಟದ ಸ್ಪರ್ಧೆ ಇಟ್ಟು, ಗೆದ್ದವನನ್ನು ಮಂಗಳೂರಿಗೆ ಕಳುಹಿಸುವುದೆಂದು ತೀರ್ಮಾನಿಸಿತು. ಸಂಘದ ಅಧ್ಯಕ್ಷರು ನನ್ನ ದೊಡ್ಡಪ್ಪ. ಓಟ ಶುರುಮಾಡಲು ನಮ್ಮ ಮನೆಯ ಕೋವಿ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಂಗಳದಲ್ಲಿ ನಿಂತು ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸುತ್ತಿದ್ದರು. ಅದನ್ನು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಶಬ್ದ ಬಂದ ಕಡೆ ಹೊರಡುತ್ತಿದ್ದರು. ಬಾವನ ಅಪ್ಪ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದರು.

ಓಟದ ದಿನ ಯಾವುದೂ ಹೇಳಿದ ಹೊತ್ತಿಗೆ ನಡೆಯಲಿಲ್ಲ. ಪುತ್ತೂರಿನಿಂದ ಬರಬೇಕಾದ ಅತಿಥಿಯ ಬಸ್ಸು ತಡ. ಮಂಡೆಕೋಲಿನ ಹುಡುಗರನ್ನು ಕರೆತರುವ ಲಾರಿಯ ಸುದ್ದಿಯೇ ಇಲ್ಲ. ಬಿಸಿಲೇರಿತು. ಕಾದು ಕಾದು ಸಾಕಾದ ದೊಡ್ಡಪ್ಪ, ಬಾವ, ನಾನು ಎಂದು ಇದ್ದವರನ್ನೇ ಸಾಲಾಗಿ ನಿಲ್ಲಿಸಿ ಗುಂಡು ಹಾರಿಸಿದರು. ಶಾಲೆಯ ಮೈದಾನದಿಂದ ಹೊರಟು, ಓಣಿಯಲ್ಲಿ ಹತ್ತಿ, ಗುಡ್ಡದ ನೆತ್ತಿ ದಾಟಿ, ಆ ಕಡೆಯ ರಸ್ತೆ ಹಿಡಿದು ಸುತ್ತಿ ಬರಬೇಕು.

ನಾವು ಹೋದ ಸ್ವಲ್ಪ ಹೊತ್ತಿಗೆ ಲಾರಿ ಬಂತಂತೆ. ಇದು ನಾನು ಆಮೇಲೆ ಕೇಳಿದ್ದು. ಮಂಡೆಕೋಲಿನವರು ಜಗಳಕ್ಕೆ ನಿಂತರಂತೆ. ಅವರನ್ನು ಬೇರೆಯಾಗಿ ಓಡಿಸಿ, ತಡವಾದಷ್ಟನ್ನು ಅವರ ಲೆಕ್ಕದಿಂದ ಬಿಡುವುದೆಂದು ದೊಡ್ಡಪ್ಪ ಒಪ್ಪಿದರಂತೆ. ಇಡೀ ಮೈದಾನಕ್ಕೆ ಇದ್ದದ್ದು ಒಂದು ಕೈಗಡಿಯಾರ. ಅದನ್ನು ಕಟ್ಟಿಕೊಂಡಿದ್ದ ಮೇಷ್ಟ್ರು, "ತಡವಾದದ್ದನ್ನು ಕಳೆಯುದೋ ಕೂಡಿಸುದೋ?" ಎಂದು ಕೇಳಿದ್ದಕ್ಕೆ ದೊಡ್ಡಪ್ಪ, "ಅದನ್ನು ಆಮೇಲೆ ನೋಡುವ ಮಾರಾಯ್ರೆ, ಮೊದಲು ಇವರು ಓಡ್ಲಿ" ಎಂದು ಇನ್ನೊಂದು ತೋಟೆ ತುಂಬಿದರಂತೆ. ಮುಂದೆ ಹೋದವರಿಗೆ ಇದನ್ನು ಯಾರೂ ತಿಳಿಸಿರಲಿಲ್ಲ. ತಿಳಿಸುವುದಾದರೂ ಹೇಗೆ?

ಆಗ ಬಾವ ಎಲ್ಲರಿಗಿಂತ ಮುಂದೆ, ನೆತ್ತಿಯ ಮೇಲಿದ್ದರು. ನಾನು ಅವರ ಹಿಂದೆ, ಇನ್ನೂ ಓಣಿಯೊಳಗೆ. ಎಷ್ಟು ಹಿಂದೆ? ಒಮ್ಮೊಮ್ಮೆ ಐವತ್ತು ಮಾರು ಅನ್ನಿಸುತ್ತದೆ, ಒಮ್ಮೊಮ್ಮೆ ನೂರು... ಎರಡೂ ಬದಿಯಲ್ಲಿ ಆಳೆತ್ತರದ ಮಣ್ಣಿನ ದರೆ. ನನ್ನ ಏದುಸಿರಿನ ನಡುವೆ ಹಿಂದಿನಿಂದ ಗುಂಡಿನ ಸದ್ದು ಬಂತು. ತಲೆಯೆತ್ತಿದಾಗ ಬಾವ ನಿಂತುಬಿಟ್ಟಿದ್ದರು. ಎಡಕ್ಕೆ ತಿರುಗಿ ಅವರ ಮನೆಯ ದಿಕ್ಕನ್ನು ನೋಡಿದರು. ಆಮೇಲೆ ದಾರಿ ಬಿಟ್ಟು ಒಣ ಮುಳಿಹುಲ್ಲಿನ ಗುಡ್ಡದಲ್ಲಿ ಕೆಳಕ್ಕೆ ಹಾರಿದರು. ಅವರು ಅಷ್ಟು ಜೋರಾಗಿ ಓಡಿದ್ದನ್ನು ನಾನು ಅದಕ್ಕೆ ಮೊದಲು ಎಂದೂ ನೋಡಿರಲಿಲ್ಲ. ನಾನು ನನ್ನ ದಾರಿಯಲ್ಲಿ ಓಡಿದೆ. ಮಂಡೆಕೋಲಿನವರ ಹೊತ್ತನ್ನು ಹೇಗೆ ಲೆಕ್ಕ ಹಾಕಿದರೂ ಮೊದಲಿಗ ನಾನೇ ಆದೆ.

ಬಹುಮಾನ ಕೊಡುವ ಹೊತ್ತಿಗೆ ಬಾವ ಮೈದಾನಕ್ಕೆ ಬಂದರು. ಮೊಣಕಾಲು ತರಚಿತ್ತು. ಅವರು ಮನೆ ಮುಟ್ಟಿದಾಗ ಅಪ್ಪ ಗೋಡೆಗೊರಗಿ ಗಂಜಿ ಕುಡಿಯುತ್ತಿದ್ದರಂತೆ. "ಇಷ್ಟು ಬೇಗ ಮುಗೀತಾ? ಗೆದ್ದಿಯಾ?" ಎಂದು ಕೇಳಿದರಂತೆ.

"ಎರಡು ಗುಂಡು ಕೇಳ್ತು. ನಮ್ಮ ಮನೆ ಕಡೆಯಿಂದಲೇ ಬಂತು," ಎಂದರು ಬಾವ. "ನಮ್ಮಿಬ್ಬರನ್ನು ಇನ್ನೊಮ್ಮೆ ಓಡಿಸಿ. ಈಗಲೇ ಆದರೂ ಆದೀತು."

"ಎಂತ ಎರಡು ಮಾರಾಯ?" ಎಂದರು ದೊಡ್ಡಪ್ಪ. "ಮಂಡೆಕೋಲಿನವರಿಗೆ ಅಂತ ನಾನು ಹೊಡೆದದ್ದು ಒಂದು. ಇಷ್ಟು ಜನ ಉಂಟು, ಕೇಳು ಬೇಕಾದರೆ."

ಕೇಳಬೇಕಾಗಲಿಲ್ಲ. "ಒಂದೇ, ಒಂದೇ" ಎಂದು ನಾಲ್ಕು ಕಡೆಯಿಂದ ಕೂಗಿದರು. "ದಮ್ಮು ಕಟ್ಟಿದ್ರೆ ಹಾಗೇ ಹೇಳುದಲ್ವಾ, ಮುದುಕನನ್ನು ಯಾಕೆ ಸಾಯಿಸುದು?" ಎಂದು ಯಾರೋ ಅಂದ. "ಅಪ್ಪ ಬದುಕಿದ್ದಾರಲ್ಲ, ನಿಂಗೆ ಅದೇ ಪ್ರೈಜು" ಎಂದು ಇನ್ನೊಬ್ಬ. ಮೈದಾನವೆಲ್ಲ ನಕ್ಕಿತು. ಅತಿಥಿಯೂ ನಕ್ಕರು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನೀನು ಇವನ ಹಿಂದೆಯೇ ಇದ್ದವ. ಕಾಲೇಜಿಗೆ ಹೋಗುವವ. ನಿಂಗೆ ಎಷ್ಟು ಕೇಳ್ತು, ಹೇಳು."

"ಒಂದೇ," ಎಂದೆ.

ಬಾವ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ, ಅಷ್ಟು ಮಾತ್ರ ಖಂಡಿತ ಹೇಳಬಲ್ಲೆ. "ಹಾಗಾದರೆ ಒಂದೇ ಇರ್ಬೇಕು" ಎಂದು ಹೇಳಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಹೊರಟುಹೋದರು. ನಾನು ಕಪ್ ಹಿಡಿದುಕೊಂಡು ನಿಂತಿದ್ದೆ. ಕೋವಿ ನಮ್ಮದು, ಅಧ್ಯಕ್ಷರು ನಮ್ಮವರು, ಸಾಕ್ಷಿ ನಾನು, ಕಪ್ಪೂ ನಮ್ಮ ಮನೆಗೇ ಬಂತು.

ಮಂಗಳೂರಿಗೆ ನಾನು ಹೋದೆ. ಅಲ್ಲಿಯ ಓಟದ ಅರ್ಧ ದಾರಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತೆ. ಬಾವ ಪೊಲೀಸ್ ಆಗಲಿಲ್ಲ. ಊರಿನ ಮಕ್ಕಳು ಅವರಿಗೆ 'ಎರಡು ಗುಂಡು' ಎಂದು ಹೆಸರಿಟ್ಟರು. ಹಾಲಿನ ಪಾತ್ರೆ ಖಾಲಿಯಾದ ಮೇಲೂ ಅವರು ನಡೆದೇ ಬರತೊಡಗಿದರು.

ಮುಂದೆ ನಾನು ಓದಿ, ಮೈಸೂರಿನಲ್ಲಿ ಪಾಠ ಹೇಳುವವನಾದೆ. ಒಮ್ಮೆ ರಜೆಯಲ್ಲಿ ಬಂದಾಗ ಅವರ ಜಗಲಿಯಲ್ಲಿ ಕುಳಿತು, ಹೆದರಿದ ಮನಸ್ಸು ತಾನು ಹೆದರಿದ್ದನ್ನೇ ಕೇಳುತ್ತದೆ, ಕಿವಿಯನ್ನು ಅಷ್ಟಾಗಿ ನಂಬಬಾರದು ಎಂದು ವಿವರಿಸಿದೆ. ಅವರಿಗೆ ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಬಾವ ಅಡಿಕೆ ಸುಲಿಯುತ್ತಾ ಕೊನೆಯವರೆಗೂ ಕೇಳಿದರು. "ಇರ್ಬಹುದು. ನೀನು ಓದಿದವ" ಎಂದರು. ಆಮೇಲೆ ನಕ್ಕು, "ಆದರೂ ನಾನು ಸತ್ತಾಗ ಗುಂಡು ಹೊಡೆಯುದು ಬೇಡ ಅಂತ ಮನೆಯಲ್ಲಿ ಹೇಳಿಟ್ಟಿದ್ದೇನೆ. ಪಾಪ, ಯಾರಾದರೂ ಓಟ ಬಿಟ್ಟು ಬಂದಾರು" ಎಂದರು. ನಾನೂ ನಕ್ಕೆ. ಆ ನಗು ನೆನಪಾದಾಗೆಲ್ಲ ಈಗಲೂ ಮುಖ ಬಿಸಿಯಾಗುತ್ತದೆ.

ಅವರು ತೀರಿಕೊಂಡಾಗ ಗುಂಡು ಹಾರಿಸಲಿಲ್ಲ. ನನಗೆ ಸುದ್ದಿ ತಲುಪಿದ್ದು ಉತ್ತರಕ್ರಿಯೆಯ ಬೊಜ್ಜವೂ ಮುಗಿದ ಮೇಲೆ.

ನಾನು ಅಂದು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಒಂದು ಬಗೆಯಲ್ಲಿ ಸುಲಭವಿತ್ತು, ಯಾರಲ್ಲಾದರೂ ಹೇಳಿಕೊಂಡು ಹಗುರಾಗಬಹುದಿತ್ತು. ಏನನ್ನೂ ಪರೀಕ್ಷಿಸದೆ ನಂಬಬಾರದು ಎಂದು ಜೀವನವಿಡೀ ಹುಡುಗರಿಗೆ ಹೇಳುತ್ತಾ ಬಂದವನು, ಮನೆಯಿಂದ ಕೂಗಳತೆಯಲ್ಲಿದ್ದ ಗುಡ್ಡಕ್ಕೆ ಒಂದು ಸಲವೂ ಹತ್ತಿ ನೋಡಲಿಲ್ಲ. ನನ್ನ ಕಿವಿಯ ಮೇಲೆ ನನಗೆ ಅಷ್ಟು ನಂಬಿಕೆ.

ಆಯುಧಪೂಜೆ ಕಳೆದ ಮರುದಿನ ತಮ್ಮನ ಮಗನನ್ನು ಗರ್ನಾಲು ಪಟಾಕಿ ಕೊಟ್ಟು ಶಾಲೆಯ ಮೈದಾನಕ್ಕೆ ಕಳುಹಿಸಿದೆ. ಮುದುಕನಿಗೆ ಮರುಳು ಎಂದುಕೊಂಡಿರಬೇಕು, ಆದರೂ ಹೊರಟ. ಮೊದಲು ಓಣಿಯಲ್ಲಿ ನಿಂತೆ. ಒಂದು ಸದ್ದು. ಕೋಲೂರಿಕೊಂಡು ನೆತ್ತಿಗೆ ಹತ್ತಿ, ಬಾವ ನಿಂತಿದ್ದರೆಂದು ನನಗೆ ನೆನಪಿರುವ ಜಾಗದಲ್ಲಿ ನಿಂತು ಕೈಬೀಸಿದೆ. ಹುಡುಗ ಇನ್ನೊಂದು ಹಚ್ಚಿದ. ಸಂದೇಹ ಉಳಿಯಬಾರದೆಂದು ಮತ್ತೂ ಒಂದು ಹಚ್ಚಿಸಿದೆ. ಎರಡು ಸಲವೂ ಹಾಗೆಯೇ ಆಯಿತು. ಮೈದಾನದಲ್ಲಿ ಸಿಡಿದದ್ದು ಒಂದು. ಎದುರಿನ ಗುಡ್ಡಕ್ಕೆ ಬಡಿದು, ಅಷ್ಟೇ ಗಟ್ಟಿಯಾಗಿ, ಬಾವನ ಮನೆಯ ಕಡೆಯಿಂದ ಇನ್ನೊಂದು ಬಂತು.