ಮೌನದ ಶನಿವಾರ

ಡಬ್ಬೊ ಊರಿನ ಲೊರೇನ್‌ಗೆ ಮಗಳು ಟೆಸ್ಸಾಳ ನೆಟ್‌ಬಾಲ್ ಆಟವಿದ್ದ ಶನಿವಾರ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. "ತಳ್ಳೇ ಅವಳ್ನ! ಏನ್ ಮುದ್ದು ಮಾಡ್ತಾ ನಿಂತೆ?" ಎಂದು ಅಂಗಳದಂಚಿನಿಂದ ಮಗಳಿಗೆ ಕೂಗುತ್ತಾಳೆ. ಅಂಪೈರ್ ಸೀಟಿ ಊದಿದರೆ, "ಕಣ್ಣು ಮನೇಲಿಟ್ಟು ಬಂದ್ಯೇನಮ್ಮಾ?" ಹತ್ತು ವರ್ಷದ ಕೂಸಿನ ಕೈಲಿ ತನ್ನ ಸಿಟ್ಟನ್ನು ಆಡಿಸುವುದಕ್ಕೆ ಅವಳಿಟ್ಟ ಹೆಸರು, ಹುರುಪು ತುಂಬುವುದು. ಕ್ಲಬ್ಬಿನವರು ವರ್ಷಕ್ಕೊಮ್ಮೆ ಮೌನದ ಶನಿವಾರ ಮಾಡಿ, ಕೂಗುವ ಹೆತ್ತವರಿಗೆಲ್ಲ ಲಾಲಿಪಾಪ್ ಹಂಚುತ್ತಾರೆ. ಈ ಸಲ "ತಗೊಳಮ್ಮ ಲೊರೇನ್, ಬಾಯಿಗೊಂದು ಬೀಗ" ಎಂದು ಕಾರ್ಯದರ್ಶಿ ಕೊಟ್ಟದ್ದನ್ನು ಕಟಕಟ ಕಡಿದಳು. ಎರಡನೆಯದನ್ನೂ ಕಡಿದಳು, ಮೂರನೆಯದನ್ನೂ. ನಾಲ್ಕನೆಯದಕ್ಕೆ ಕೈ ಚಾಚಿದಾಗ ಅಂಗಳದಿಂದ ಗುರುತಿಲ್ಲದ ನಗುವೊಂದು ಕೇಳಿತು. ಯಾರ ಮಗುವಪ್ಪಾ ಇದು ಎಂದು ತಿರುಗಿದಳು. ಕೈಗೆ ಬಂದ ಚೆಂಡನ್ನು ಬಿಟ್ಟುಕೊಟ್ಟು ಹಾಗೆ ನಗುತ್ತಿದ್ದವಳು ಟೆಸ್ಸಾ.