ಬೋಂಡನಿಗೆ ಬೆಲ್ ಕಲಿಸಿದ ಕೆಂಪರಾಜಣ್ಣ

ಕೆಂಪರಾಜಣ್ಣ ಕೂತು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಮನೆಗೆ ಬಂದಾಗ ಕುರ್ಚಿ ತೋರಿಸಿದರೆ ಬೇಡವೆಂದು ಕೈಯಾಡಿಸಿ, ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಎರಡು ಕಾಲನ್ನೂ ಅಗಲಿಸಿ ಊರಿಕೊಂಡು ನಿಲ್ಲುತ್ತಿದ್ದರು. ಲೋಟ ತುಟಿಗೆ ಹೋಗುವಾಗ ಇನ್ನೊಂದು ಕೈ ತಾನಾಗಿಯೇ ಮೇಲೆ ಎದ್ದು ಕಿಟಕಿಯ ಸರಳನ್ನೋ ಬಾಗಿಲ ಚೌಕಟ್ಟನ್ನೋ ಹಿಡಿಯುತ್ತಿತ್ತು. ನಮ್ಮ ಮನೆ ಎಲ್ಲಿಗೂ ಹೊರಟಿರಲಿಲ್ಲ. ಆದರೆ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಜೀವಮಾನ ಕಳೆದ ಅವರ ಕಾಲಿಗೆ ಅದು ಗೊತ್ತಿರಲಿಲ್ಲ.

ಚಂದ್ರಾ ಲೇಔಟಿನಲ್ಲಿ ನಾವು ಬಾಡಿಗೆಗಿರುವುದು ಕೆಳಮನೆಯಲ್ಲಿ. ಅವರದು ರಸ್ತೆಯಾಚೆ, ಎದುರು ಕಟ್ಟಡದ ಮೊದಲ ಮಹಡಿಯ ಎರಡು ರೂಮು. ರಿಟೈರಾಗಿ ಎಷ್ಟೋ ವರ್ಷವಾದರೂ ಬಸ್ಸು ಅವರನ್ನು ಇಳಿಸಿರಲಿಲ್ಲ. ಫೋನಿನಲ್ಲಿ ಮಾತು ಮುಗಿದರೆ ‘ರೈಟ್’ ಅನ್ನುತ್ತಿದ್ದರು. ಬೀದಿಯಲ್ಲಿ ಯಾರಾದರೂ ಕಾರು ಹಿಂದಕ್ಕೆ ತೆಗೆಯುತ್ತಿದ್ದರೆ, ಕೇಳದಿದ್ದರೂ ಹೋಗಿ ಹಿಂದೆ ನಿಂತು, ಅಂಗೈಯಿಂದ ಡಬಡಬ ಬಡಿದು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎನ್ನುತ್ತಿದ್ದರು. ನಮ್ಮ ಬೀದಿಯ ಒಂದು ಮದುವೆಯಲ್ಲಿ ಊಟದ ಹಾಲಿನ ಬಾಗಿಲಲ್ಲಿ ನೂಕುನುಗ್ಗಲಾದಾಗ ಅವರು ಹೋಗಿ ನಿಂತು ‘ಒಳಗ್ ನಡೀರಿ, ಹಿಂದುಗಡೆ ಎಲೆ ಖಾಲಿ ಇದೆ’ ಎಂದು ಶುರು ಮಾಡಿದರು. ಜನ ಮರುಮಾತಿಲ್ಲದೆ ಒಳಗೆ ಹೋದರು. ಹೆಣ್ಣಿನ ತಂದೆ ಅವರನ್ನು ಗಂಡಿನ ಕಡೆಯ ಹಿರಿಯರೆಂದು ತಿಳಿದು ಕೈಮುಗಿದರಂತೆ.

ಬಸ್ಸಿನಲ್ಲಿ ನಿದ್ದೆ ಹೋಗುವವರ ಬಗ್ಗೆ, ಸ್ಟಾಪ್ ಬಂತೇ ಎಂದು ಕೇಳಲು ನಾಚುವವರ ಬಗ್ಗೆ ಅವರಿಗೊಂದು ಮಾತಿತ್ತು. "ಕೇಳ್ದೆ ಕೂತೋರು ಡಿಪೋಗೇ ಹೋಗೋದು ಕಣಮ್ಮ." ಅದನ್ನು ಅವರು ನನಗೆ ಹೆಚ್ಚು ಸಲ ಹೇಳಿದ್ದು ನಮ್ಮ ಯಜಮಾನರು ಹೋದ ಮೇಲೆ.

ಯಜಮಾನರು ರಾಜಾಜಿನಗರದ ಕಡೆ ಒಂದು ಲೇತ್ ವರ್ಕ್‌ಶಾಪಿನಲ್ಲಿದ್ದರು. ದರ್ಶಿನಿ ಹೋಟೆಲೊಂದರ ಹಿಂದೆ ಬಾಣಲೆಯ ಬಿಸಿಗೆ ಮೈ ಕಾಯಿಸಿಕೊಂಡು ಮಲಗಿದ್ದ ಕಂದು ಬಣ್ಣದ ಬೀದಿ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದವರು ಅವರೇ. ಬೋಂಡ ಎಂದು ಹೆಸರಿಟ್ಟವರೂ ಅವರೇ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ರಜೆಯ ದಿನ ಪೇಪರ್ ಓದುತ್ತಾ ಕೂತವರು ಸುಮ್ಮನೆ ಎದ್ದು ಬಾಗಿಲು ತೆಗೆಯುವರು, ಬೋಂಡ ಓಡುವನು. ನಿಮಗೆ ಹೇಗೆ ಗೊತ್ತಾಗುತ್ತದೆ ಎಂದರೆ, ಅವನ ಕಿವಿ ನೋಡಿದರೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಾನೂ ನೋಡುತ್ತಿದ್ದೆ. ನನಗೆ ಬರೀ ಕಿವಿ ಕಾಣುತ್ತಿತ್ತು.

ಕಾರ್ತಿಕದಲ್ಲಿ ಅವರು ಹೋದರು. ಎದೆನೋವು ಎಂದರು, ಆಸ್ಪತ್ರೆ ಸೇರುವ ಹೊತ್ತಿಗೆ ಮುಗಿದಿತ್ತು. ಬೋಂಡ ಬಾಗಿಲ ಬಳಿ ಅವರ ಚಪ್ಪಲಿಯ ಪಕ್ಕ ಮಲಗಿಬಿಟ್ಟ. ನಾನು ಬಾಗಿಲು ತೆಗೆದು ಕರೆದರೆ ಬರುತ್ತಿರಲಿಲ್ಲ, ನನ್ನ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದ. ತಡೆಯುವಷ್ಟು ತಡೆದು ಕೊನೆಗೆ ಅಲ್ಲೇ ಮಾಡಿಬಿಡುತ್ತಿದ್ದ. ಮಾಡಿದ ಮೇಲೆ ಗೋಡೆ ಕಡೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದ. ಬೈಯುವುದಕ್ಕೂ ಮನಸ್ಸು ಬರುತ್ತಿರಲಿಲ್ಲ. ನಾನು ಸೀರೆಗೆ ಕುಚ್ಚು ಕಟ್ಟಿ ಜೀವನ ಮಾಡುವವಳು. ಒಂದು ದಿನ ಯಾರದೋ ಮದುವೆ ಸೀರೆಯ ಸೆರಗು ಚಾಪೆಯಿಂದಾಚೆ ಜಾರಿ ನೆಲದ ಮೇಲಿತ್ತು. ಬೋಂಡ ಮಾಡಿದ ನೀರು ಅದರ ಅಂಚಿಗೆ ಹರಿದು ಬರುವಷ್ಟರಲ್ಲಿ ಎತ್ತಿಕೊಂಡೆ. ಸೀರೆಯನ್ನು ಮಂಚದ ಮೇಲೆ ಹಾಕಿ ನೆಲ ಒರೆಸಿದೆ.

ಮೇಲಿನ ಮನೆಯಲ್ಲಿ ಓನರ್ ಸರೋಜಮ್ಮ ಇರುತ್ತಾರೆ. ಕೆಟ್ಟವರಲ್ಲ. ಬಾಗಿಲಲ್ಲೇ ನಿಂತು, ಸೆರಗು ಮೂಗಿಗೆ ಹಿಡಿಯಬಾರದೆಂದು ಕಷ್ಟಪಟ್ಟುಕೊಂಡು ಹೇಳಿದರು. "ನಿನ್ ಕಷ್ಟ ನಂಗೆ ಅರ್ಥ ಆಗತ್ತೆ ಮಂಜುಳಾ. ಆದ್ರೆ ವಾಸನೆ ಮೇಲಕ್ಕೂ ಬರತ್ತೆ. ಯುಗಾದಿ ಒಳಗೆ ಆ ನಾಯಿಗೆ ಏನಾದ್ರೂ ಒಂದು ದಾರಿ ಮಾಡು." ನಾಗರಬಾವಿಯಲ್ಲಿರುವ ನಮ್ಮಣ್ಣನಿಗೆ ಫೋನ್ ಮಾಡಿದೆ. ಮಾಗಡಿ ಕಡೆ ಅವನಿಗೆ ಗೊತ್ತಿದ್ದವರದೊಂದು ತೋಟವಿದೆ, ಕಾವಲಿಗೆ ನಾಯಿ ಬೇಕಂತೆ, ಯುಗಾದಿ ಮುಗಿದ ಮೇಲೆ ಟೆಂಪೋ ತರುತ್ತೇನೆ ಎಂದ. ಸರಿ ಎಂದುಬಿಟ್ಟೆ. ಮನೆಯಲ್ಲಿ ಯಜಮಾನರು ಬಿಟ್ಟುಹೋದ ಉಸಿರಾಡುವ ವಸ್ತು ಅದೊಂದೇ ಇತ್ತು. ಫೋನಿಟ್ಟ ಮೇಲೆ ಅದು ತಲೆಗೆ ಬಂತು.

ದಿನಾ ಗೇಟಿನ ಮೇಲೆ ಒದ್ದೆ ಚಾಪೆ ಒಣಗುತ್ತಿದ್ದುದನ್ನು ಕೆಂಪರಾಜಣ್ಣ ಎದುರಿನಿಂದ ನೋಡುತ್ತಿದ್ದರು. ಒಂದು ಬೆಳಗ್ಗೆ ಬಂದು ಗೋಡೆಗೆ ಒರಗಿ ನಿಂತರು. ಬೋಂಡ ಮಲಗಿದ್ದ ಜಾಗ, ಚಪ್ಪಲಿ, ಬಾಗಿಲು ಮೂರನ್ನೂ ನೋಡಿದರು.

"ಅವನು ಸ್ಟಾಪಲ್ಲೇ ಸರಿಯಾಗಿ ನಿಂತವ್ನೆ. ಆ ರೂಟು ನಿಂತೋಯ್ತು ಅಂತ ಅವನಿಗೆ ಯಾರೂ ಹೇಳಿಲ್ವಲ್ಲಮ್ಮ."

ನಾನು ತಲೆ ತಗ್ಗಿಸಿಕೊಂಡು ಕುಚ್ಚು ಕಟ್ಟುತ್ತಲೇ ಇದ್ದೆ. ಅವರು ಹೋದ ಮೇಲೆ ಎದ್ದು ಚಪ್ಪಲಿಗಳನ್ನು ಒರೆಸಿ ಬೀರುವಿನೊಳಗೆ ಇಟ್ಟೆ. ಅಷ್ಟು ದಿನ ಅವನ್ನು ಮುಟ್ಟಲು ಆಗಿರಲಿಲ್ಲ.

ಮರುದಿನ ಅವರು ವಿಜಯನಗರದ ಮಾರ್ಕೆಟ್ಟಿನಿಂದ ಒಂದು ಪುಟ್ಟ ಹಿತ್ತಾಳೆ ಗಂಟೆ ತಂದರು. ಹಿಂದೆ ಬಸ್ಸುಗಳಲ್ಲಿ ಚಾವಣಿಯುದ್ದಕ್ಕೂ ಹಗ್ಗ ಕಟ್ಟಿರುತ್ತಿದ್ದರಂತೆ. ಎಲ್ಲಿಂದ ಎಳೆದರೂ ಡ್ರೈವರ್ ಪಕ್ಕದ ಬೆಲ್ ಬಡಿಯಬೇಕು. ಒಂದು ಬೆಲ್ಲಿಗೆ ನಿಲ್ಲುವುದು, ಎರಡಕ್ಕೆ ಹೊರಡುವುದು. ಅದೇ ಏರ್ಪಾಡು ಬೋಂಡನಿಗೂ ಎಂದರು. ಹಗ್ಗಕ್ಕೆ ನಾನು ಲಂಗದ ಲಾಡಿಯೊಂದನ್ನು ಕೊಟ್ಟೆ. ಚೌಕಟ್ಟಿನ ಮೊಳೆಗೆ ಗಂಟೆ ಕಟ್ಟಿ, ಲಾಡಿ ಬೋಂಡನ ಮೂಗಿನೆತ್ತರಕ್ಕೆ ಬರುವ ಹಾಗೆ ಇಳಿಬಿಟ್ಟರು. ಬೆಲ್ ಆಗಬೇಕು, ಬಾಗಿಲು ತೆಗೆಯಬೇಕು, ನೆಟ್ಟಗೆ ಗೇಟಿನಾಚೆಯ ಹೊಂಗೆ ಮರದ ಬುಡಕ್ಕೆ ಹೋಗಬೇಕು, ಕೆಲಸವಾದರೆ ಅಲ್ಲೇ ಒಂದು ಚೂರು ಬನ್ನು. ಆಟಕ್ಕೆ, ತಿರುಗಾಟಕ್ಕೆ ಬೇರೆ ಹೊತ್ತು.

ಕೆಂಪರಾಜಣ್ಣ ದಿನಕ್ಕೆ ನಾಲ್ಕಾರು ಸಲ ಬಂದು ಪಾಠ ಮಾಡಿದರು. ಟಿಂಗ್ ಟಿಂಗ್ ಎನ್ನಿಸಿ ಬಾಗಿಲು ತೆಗೆದು ಕರೆದುಕೊಂಡು ಹೋಗಿ ಬರುವರು. ಅವರ ಜೊತೆ ಬೋಂಡ ಚೆನ್ನಾಗಿಯೇ ಹೋಗುತ್ತಿದ್ದ. ನನಗೂ ಧೈರ್ಯ ಬಂತು. ಆದರೆ ಅವರು ಇಲ್ಲದ ಒಂದು ಮಧ್ಯಾಹ್ನ ಬೋಂಡ ಎದ್ದು, ಸರಿಯಾಗಿ ಗಂಟೆಯ ಕೆಳಗೆ ಹೋಗಿ ಕೂತು, ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಎಳೆಯುತ್ತಾನೆ ಎಂದು ನಾನು ಕಾದೆ, ಅವನೂ ಏನನ್ನೋ ಕಾದ. ಆಮೇಲೆ ಗಂಟೆಯ ಕೆಳಗೇ ನೀರು ಹರಿಯಿತು.

ಸಂಜೆ ಹೇಳಿದಾಗ ಕೆಂಪರಾಜಣ್ಣ ನಂಬಲಿಲ್ಲ. ನೋಡೋಣ ಎಂದು ಬೋಂಡನನ್ನು ಕರೆದರು. ಬೋಂಡ ಬಂದು ಗಂಟೆಯ ಕೆಳಗೆ ಕೂತ. ಅವರ ಕೈ ಮೇಲೆದ್ದು ಲಾಡಿ ಹಿಡಿದು ಎರಡು ಸಲ ಎಳೆಯಿತು. ಎಳೆದ ಕೈಯನ್ನು ಅವರು ತಿರುಗಿಸಿ ನೋಡಿಕೊಂಡರು.

"ಎಷ್ಟು ದಿನದಿಂದ ನಾನೇ ಹೊಡೀತಾ ಇದೀನಿ?"

"ಮೊದಲಿನಿಂದಲೂ ನೀವೇ ಹೊಡೀತಾ ಇರೋದು ಕೆಂಪರಾಜಣ್ಣ."

"ಥೂ. ಇವನನ್ನ ಪ್ಯಾಸೆಂಜರ್ ಮಾಡಿ ಕೂರ್ಸಿದೀನಲ್ಲಮ್ಮ. ಬೆಲ್ ಹೊಡೆಯೋದು ಕಂಡಕ್ಟರ್ ಕೆಲಸ, ನಾನ್ಯಾಕೆ ಹೊಡೀಲಿ ಅಂತ ಕೂತವ್ನೆ."

ಅವರು ನಗುತ್ತಾ ನಗುತ್ತಾ ಕೆಮ್ಮಿದರು. ನನಗೂ ನಗು ಬಂತು. ಕಾರ್ತಿಕದಿಂದ ಈಚೆಗೆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ಬೋಂಡ ಇಬ್ಬರನ್ನೂ ನೋಡಿ ಬಾಲ ಆಡಿಸಿದ.

ಮಾರನೆಯ ದಿನದಿಂದ ಪಾಠ ಬದಲಾಯಿತು. ಲಾಡಿಯ ತುದಿಗೆ ಚೂರು ಬೆಣ್ಣೆ ಸವರುವುದು. ಬೋಂಡ ನೆಕ್ಕಿದರೆ ಗಂಟೆ ಅಲುಗುತ್ತದೆ, ಅಲುಗಿದ ತಕ್ಷಣ ಬಾಗಿಲು. ಕಷ್ಟವಾದದ್ದು ಬೋಂಡನಿಗಲ್ಲ. ಬೋಂಡ ಬಂದು ಕೂತ ಕೂಡಲೇ ಕೆಂಪರಾಜಣ್ಣನ ಕೈ ಮೇಲೇಳುತ್ತಿತ್ತು. ಅವರು ಅದನ್ನು ಹಿಡಿದು ಕೆಳಗಿಳಿಸಬೇಕಾಗಿತ್ತು. ಕೊನೆಗೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಇಸ್ಕೂಲಿನಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ ನಿಲ್ಲುತ್ತಿದ್ದರು. ‘ನೀನೂ ಮುಟ್ಟಬೇಡ, ಕಾಯಬೇಕು. ಬೇಕಾದೋನು ಕೇಳ್ಲಿ’ ಎಂದು ನನಗೂ ತಾಕೀತು ಮಾಡುತ್ತಿದ್ದರು. ಬೆಣ್ಣೆ ದಿನದಿನಕ್ಕೆ ಕಡಿಮೆಯಾಗುತ್ತಾ ಬಂತು. ಅವರ ಮುಂದೆ ಬೋಂಡ ಮೂಗಿನಿಂದ ಲಾಡಿ ತಳ್ಳುವುದನ್ನು ಕಲಿತ. ನನ್ನೊಬ್ಬಳ ಮುಂದೆ ಮಾತ್ರ ಇನ್ನೂ ತಳ್ಳಿರಲಿಲ್ಲ. ಯುಗಾದಿ ಹತ್ತಿರವಾಗುತ್ತಿತ್ತು. ಅಣ್ಣ ಒಮ್ಮೆ ಫೋನ್ ಮಾಡಿ ಟೆಂಪೋದವನಿಗೆ ಹೇಳಿಟ್ಟಿದ್ದೇನೆ ಎಂದ.

ಹೊಂಗೆ ಚಿಗುರಿತ್ತು. ಊಟದ ನಂತರದ ಹೊತ್ತು, ಬೀದಿಯಲ್ಲಿ ಸದ್ದಿರಲಿಲ್ಲ. ನಾನು ಹಸಿರು ಸೀರೆಯೊಂದಕ್ಕೆ ಕುಚ್ಚು ಕಟ್ಟುತ್ತಿದ್ದೆ. ಟಿಂಗ್ ಎಂದಿತು. ಮೇಲೆ ಸರೋಜಮ್ಮ ದೇವರಿಗೆ ಏನೋ ಮಾಡುತ್ತಿದ್ದಾರೆ ಎಂದುಕೊಂಡೆ. ಮತ್ತೆ ಟಿಂಗ್ ಎಂದಿತು. ತಲೆ ಎತ್ತಿದರೆ ಬೋಂಡ ಬಾಗಿಲ ಬಳಿ ನಿಂತಿದ್ದ. ಲಾಡಿ ಇನ್ನೂ ಅಲ್ಲಾಡುತ್ತಿತ್ತು. ಅವನು ನನ್ನ ಹಿಂದೆ ಯಾರನ್ನೂ ಹುಡುಕಲಿಲ್ಲ, ನನ್ನನ್ನೇ ನೋಡುತ್ತಿದ್ದ.

ದಾರದ ಉಂಡೆ ಉರುಳಿಹೋಯಿತು, ಓಡಿಹೋಗಿ ಬಾಗಿಲು ತೆಗೆದೆ. ಬೋಂಡ ಹೊಂಗೆಯ ಬುಡಕ್ಕೆ ಹೋದ. ನಾನು ಮೆಟ್ಟಿಲ ಮೇಲೆ ಕೂತೆ. ಕೂತ ಮೇಲೆ ಅಳು ಬಂತು. ಅವರು ಹೋದ ದಿನವೂ, ಹನ್ನೊಂದನೆಯ ದಿನವೂ, ಜನ ಬಂದು ಬಂದು ಮಾತಾಡಿಸಿದಾಗಲೂ ಬಾರದಿದ್ದ ಅಳು. ಬೋಂಡ ವಾಪಸ್ಸು ಬಂದು ಪಕ್ಕದಲ್ಲಿ ಕೂತ. ಬನ್ನು ಕೊಡುವುದೂ ಮರೆತುಹೋಗಿತ್ತು.

ಎದುರುಗಡೆ ಕೆಂಪರಾಜಣ್ಣ ಗೇಟಿನ ಬಳಿ ಇದ್ದರು. ನನ್ನನ್ನು ನೋಡಿದರು, ನೋಡಿದವರು ಬೆನ್ನು ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಅಷ್ಟರಲ್ಲಿ ತಳ್ಳುಗಾಡಿಯ ಸೊಪ್ಪಿನವನು ತಿರುವಿನಲ್ಲಿ ಕೂಗುತ್ತಾ ಬಂದ. ಕೆಂಪರಾಜಣ್ಣ ಕೈ ಅಡ್ಡ ಹಿಡಿದು ಅವನನ್ನು ಅಲ್ಲೇ ನಿಲ್ಲಿಸಿದರು. ಸೊಪ್ಪು ಬೇಕೋ ಬೇಡವೋ ಒಂದೊಂದೇ ಕಟ್ಟು ಎತ್ತಿ ನೋಡುತ್ತಾ ಅವನನ್ನು ಮಾತಿಗೆ ಎಳೆದರು. ನಾನು ಮುಖ ಒರೆಸಿಕೊಂಡು ಒಳಗೆ ಎದ್ದುಹೋಗುವವರೆಗೂ ಆ ಗಾಡಿ ನಮ್ಮ ಮನೆ ಮುಂದೆ ಬರಲಿಲ್ಲ.

ಯುಗಾದಿಯ ದಿನ ಸರೋಜಮ್ಮ ಬೇವುಬೆಲ್ಲ, ಹೋಳಿಗೆ ತೆಗೆದುಕೊಂಡು ಬಂದರು. ಸಾವಾದ ಮನೆಯಲ್ಲಿ ಹಬ್ಬವಿಲ್ಲವಲ್ಲ, ಅದಕ್ಕೇ. ಕುರ್ಚಿಯಲ್ಲಿ ಕೂತು ಮೆಲ್ಲಗೆ ಟೆಂಪೋ ಯಾವತ್ತು ಬರುತ್ತದೆ ಎಂದು ಕೇಳಿದರು. ನಾನು ಹೋಳಿಗೆಯ ತಟ್ಟೆ ಒಳಗಿಟ್ಟು ಬಂದೆ. ಬೋಂಡ ಎದ್ದ, ಮೈ ಮುರಿದ, ಹೋಗಿ ಮೂಗಿನಿಂದ ಲಾಡಿ ತಳ್ಳಿದ. ನಾನು ಬಾಗಿಲು ತೆಗೆದೆ, ಅವನು ಹೋಗಿ ಬಂದ, ತನ್ನ ಜಾಗದಲ್ಲಿ ಮಲಗಿದ. ಸರೋಜಮ್ಮ ಗಂಟೆಯನ್ನೂ ಲಾಡಿಯನ್ನೂ ಬಹಳ ಹೊತ್ತು ನೋಡಿದರು.

"ನಮ್ ಮನೆ ಮೊಮ್ಮಕ್ಕಳಿಗೇ ಇಷ್ಟು ಬರಲ್ಲ. ನಿಮ್ಮಣ್ಣನಿಗೆ ಟೆಂಪೋ ಬೇಡ ಅಂತ ಹೇಳ್ಬಿಡು ಮಂಜುಳಾ."

ಅವರು ಮೆಟ್ಟಿಲು ಹತ್ತುವುದನ್ನೂ ಕಾಯದೆ ಅಣ್ಣನಿಗೆ ಫೋನ್ ಮಾಡಿದೆ. ಆ ರಾತ್ರಿ ಬಹಳ ದಿನದ ಮೇಲೆ ಒಂದೇ ನಿದ್ದೆ ಮಾಡಿದೆ.

ಆಮೇಲೆ ಬೋಂಡ ಕೊಬ್ಬಿದ್ದೂ ಉಂಟು. ಬೆಕ್ಕು ಹೋದರೆ ಬೆಲ್, ಸೊಪ್ಪಿನ ಗಾಡಿ ಬಂದರೆ ಬೆಲ್. ಕೆಂಪರಾಜಣ್ಣನಿಗೆ ದೂರು ಕೊಟ್ಟೆ. ಸುಮ್ಮನೆ ಬೆಲ್ ಹೊಡೆದವನನ್ನೂ ಮರದ ಹತ್ತಿರ ಕರೆದುಕೊಂಡು ಹೋಗು, ಸುಮ್ಮನೆ ನಿಲ್ಲು, ಬೆಕ್ಕು ನೋಡಲು ಬಿಡದೆ ವಾಪಸ್ಸು ತಾ, ತಾನೇ ಬೇಜಾರಾಗಿ ಬಿಡುತ್ತಾನೆ ಎಂದರು. ಹಾಗೆಯೇ ಆಯಿತು.

ಮುಂದಿನ ದೀಪಾವಳಿಯ ಹೊತ್ತಿಗೆ ಅವರ ಮಂಡಿ ಸೋತವು. ಮೆಟ್ಟಿಲು ಹತ್ತುವುದು ಆಗದೆ ಕೆಂಗೇರಿಯ ಮಗಳ ಫ್ಲ್ಯಾಟಿಗೆ ಹೋದರು. ಈ ವರ್ಷ ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಮಗಳು ಫೋನ್ ಮಾಡಿದಳು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನರಳಲಿಲ್ಲ, ಆಸ್ಪತ್ರೆ ಓಡಾಟವಿರಲಿಲ್ಲ. ಹೋಗಿ ಮುಖ ನೋಡಿದೆ. ದುಃಖವಾಯಿತು. ನಮ್ಮ ಮನೆಯವರಿಗೂ ಹೀಗೆ ನಿದ್ದೆಯಲ್ಲಿ ಆಗಬಾರದಿತ್ತೇ ಎನ್ನಿಸಿತು. ಇವರಿಗಾದರೂ ಆಯಿತಲ್ಲ ಎಂದೂ ಅನ್ನಿಸಿತು.

ಅದಕ್ಕೆ ಸ್ವಲ್ಪ ಮುಂಚೆ, ಸಂಕ್ರಾಂತಿಗೆ, ಎಳ್ಳುಬೆಲ್ಲ ಹಿಡಿದುಕೊಂಡು ಬೋಂಡನನ್ನೂ ಆಟೋದಲ್ಲಿ ಕೂರಿಸಿಕೊಂಡು ಕೆಂಗೇರಿಗೆ ಹೋಗಿದ್ದೆ. ಮಗಳು ಕೆಲಸಕ್ಕೆ ಹೋಗಿದ್ದಳು. ಬೋಂಡ ಕೆಂಪರಾಜಣ್ಣನ ಮೈಮೇಲೆ ಬಿದ್ದು ಹೊರಳಾಡಿದ. ಆಮೇಲೆ ಎದ್ದು ಬಾಗಿಲ ಬಳಿ ಹೋದ. ಅಲ್ಲಿ ಗಂಟೆ ಇಲ್ಲ, ಲಾಡಿ ಇಲ್ಲ. ಚೌಕಟ್ಟಿನ ಆ ಕಡೆ ಮೂಸಿದ, ಈ ಕಡೆ ಮೂಸಿದ. ಅವರ ಮಗಳ ಹೊಸ ಮನೆ, ಬಿಳಿ ಟೈಲ್ಸು, ನಾನು ಅರ್ಧ ಎದ್ದೆ. ಕೆಂಪರಾಜಣ್ಣ ಕಣ್ಣಿನಲ್ಲೇ ಸುಮ್ಮನಿರು ಎಂದರು. ಬೋಂಡ ತಿರುಗಿ ಬಂದು ಅವರ ಮಂಡಿಯ ಮೇಲೆ ಒಂದು ಕಾಲಿಟ್ಟ.

"ಇನ್ನು ಇವನಿಗೆ ಬೆಲ್ ಬೇಕಿಲ್ಲ ಕಣಮ್ಮ," ಎಂದರು.

ನಾನು ಹೋಗುತ್ತೇನೆ ಎಂದರೂ ಕೇಳದೆ ಹಗ್ಗ ತಾವೇ ಹಿಡಿದು ಲಿಫ್ಟಿನಲ್ಲಿ ಇಳಿದರು. ನಾನು ಬಾಲ್ಕನಿಗೆ ಬಂದು ನೋಡಿದೆ. ಗೇಟಿನ ಪಕ್ಕ ಹೊಸದಾಗಿ ನೆಟ್ಟ ಸಣ್ಣ ಸಣ್ಣ ಗಿಡಗಳಿದ್ದವು. ಬೋಂಡ ಒಂದನ್ನು ಮೂಸಿ ಬಿಟ್ಟ, ಇನ್ನೊಂದರ ಹತ್ತಿರ ಹೋದ, ಮತ್ತೆ ಮೊದಲಿನದಕ್ಕೇ ಬಂದ. ವಾಚ್‌ಮನ್ ಏನೋ ಹೇಳಲು ಹತ್ತಿರ ಬಂದ. ಕೆಂಪರಾಜಣ್ಣ ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡಿಸುತ್ತಾ ನಿಂತರು. ಬೋಂಡನ ಹಗ್ಗವನ್ನು ಒಮ್ಮೆಯೂ ಜಗ್ಗಲಿಲ್ಲ.

ಎಷ್ಟು ಹೊತ್ತಾದರೂ ಬರಲಿಲ್ಲವಲ್ಲ ಎಂದು ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಲಿಫ್ಟಿನಿಂದ ಹೊರಗೆ ಬಂದವರು ಹಗ್ಗ ನನ್ನ ಕೈಗೆ ಕೊಟ್ಟರು.

"ಹೊಸ ಜಾಗ ನೋಡಮ್ಮ," ಎಂದರು. "ಸ್ವಲ್ಪ ಹೊತ್ತು ಹಿಡೀತು, ಅಷ್ಟೇ."